ಸೊನ್ನೆಯ ಅಲೆದಾಟ: ನಿಖರ ಪರಿವರ್ತಕಗಳಲ್ಲಿ ಮಂದಗತಿಯ ಗದ್ದಲ

ಅತ್ಯಂತ ನಿಖರವೆಂದು ಹೆಸರಾದ ಒಂದು ವೋಲ್ಟೇಜ್ ಮಾಪಕವನ್ನು ತೆಗೆದುಕೊಂಡು, ಅದರ ಎರಡು ತುದಿಗಳನ್ನೂ ದಪ್ಪನೆಯ ತಾಮ್ರದ ತಂತಿಯೊಂದರಿಂದ ಸೇರಿಸಿದರೆ, ಅಳೆಯಬೇಕಾದ ವೋಲ್ಟೇಜು ಸೊನ್ನೆ ಎಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆದರೂ ಮಾಪಕದ ಕೊನೆಯ ಅಂಕೆಗಳು ನಿಲ್ಲುವುದಿಲ್ಲ. ಅವುಗಳ ಚಲನೆಯಲ್ಲಿ ಎರಡು ಬಗೆಗಳಿರುವುದನ್ನು ಸ್ವಲ್ಪ ಹೊತ್ತು ಕುಳಿತು ನೋಡಿದವರು ಗುರುತಿಸಬಲ್ಲರು. ಒಂದು, ಕ್ಷಣಕ್ಷಣಕ್ಕೂ ಮೇಲೆ ಕೆಳಗೆ ಆಗುವ ಚಡಪಡಿಕೆ. ಇನ್ನೊಂದು, ನಿಧಾನವಾದ ಅಲೆದಾಟ: ಹತ್ತು ನಿಮಿಷ ಸೊನ್ನೆಗಿಂತ ಒಂದಿಷ್ಟು ಮೇಲಿದ್ದು, ಕಾರಣವೇ ತೋರದೆ ಕೆಳಗಿಳಿದು, ಸಂಜೆಯ ವೇಳೆಗೆ ಮತ್ತೊಂದು ನೆಲೆಯಲ್ಲಿ ನಿಂತಿರುವುದು. ಮೊದಲನೆಯದನ್ನು ಪಳಗಿಸುವುದು ಸುಲಭ. ಎರಡನೆಯದು ಈ ಲೇಖನದ ವಸ್ತು.

ವಿಷಯಕ್ಕೆ ಹೋಗುವ ಮುನ್ನ ಪದಗಳ ಬಗೆಗೆ ಒಂದೆರಡು ಮಾತು ಅವಶ್ಯ. ಹೊರನಾಡಿನ ನಮ್ಮ ಓದುಗರಲ್ಲಿ ಭಾಷೆ-ಸಾಹಿತ್ಯಗಳ ಅಧ್ಯಾಪಕರೂ ಇದ್ದಾರೆ, ಪ್ರಯೋಗಶಾಲೆಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿಯುವವರೂ ಇದ್ದಾರೆ. ಇಬ್ಬರಿಗೂ ಒಪ್ಪುವ ಪರಿಭಾಷೆ ಇನ್ನೂ ನೆಲೆಗೊಂಡಿಲ್ಲ. ಇಂಗ್ಲಿಷಿನಲ್ಲಿ ನಾಯ್ಸ್ ಎಂದು ಕರೆಯುವುದನ್ನು ನಾವು 'ಗದ್ದಲ' ಎಂದಿದ್ದೇವೆ. 'ಶಬ್ದ' ಎಂದರೆ ವ್ಯಾಕರಣದ ಅರ್ಥವೂ ಬೆನ್ನು ಹತ್ತಿ ಬರುತ್ತದೆ. 'ಸದ್ದು' ಎಂದರೆ ಕಿವಿಗೆ ಕೇಳುವಂಥದು. ಇಲ್ಲಿ ಹೇಳುತ್ತಿರುವುದು ಬೇಕಾದ ಸಂಕೇತದೊಡನೆ ಬೆರೆತು ಅದನ್ನು ಮರೆಮಾಡುವ ಬೇಡದ ಏರಿಳಿತ. ಒಂದು ಸೆಕೆಂಡಿನಲ್ಲಿ ಆಗುವ ಏರಿಳಿತಗಳ ಎಣಿಕೆಗೆ ಪಠ್ಯಪುಸ್ತಕಗಳಲ್ಲಿ 'ಆವೃತ್ತಿ' ಎಂಬ ಪದ ರೂಢಿಯಲ್ಲಿದೆ. ಗ್ರಂಥಸಂಪಾದನೆಯಲ್ಲಿ ತೊಡಗಿರುವ ಮಿತ್ರರು ಇದನ್ನು ಮುದ್ರಣದ ಅರ್ಥದಲ್ಲಿ ತೆಗೆದುಕೊಳ್ಳಬಾರದಾಗಿ ಕೋರುತ್ತೇವೆ. ಅನಲಾಗ್, ಡಿಜಿಟಲ್, ಬಿಟ್, ಚಿಪ್ ಮೊದಲಾದವನ್ನು ಇದ್ದಂತೆಯೇ ಉಳಿಸಿಕೊಂಡಿದ್ದೇವೆ. ಎಡೆಬಿಡದೆ ಬದಲಾಗುವ ವೋಲ್ಟೇಜನ್ನು ಅಂಕೆಯಾಗಿ ಮಾರ್ಪಡಿಸುವ ವಿದ್ಯುನ್ಮಂಡಲವೇ ಅನಲಾಗ್-ಡಿಜಿಟಲ್ ಪರಿವರ್ತಕ. ಮುಂದೆ ಬರಿಯ ಪರಿವರ್ತಕವೆಂದರೆ ಅದೇ.

ಇಂದು ದಿನಸಿ ಅಂಗಡಿಯ ತಕ್ಕಡಿಯೊಳಗಿನ ಅಗ್ಗದ ಪರಿವರ್ತಕದ ಮೇಲೂ '24 ಬಿಟ್' ಎಂಬ ಹೆಗ್ಗಳಿಕೆ ಇರುವುದುಂಟು. 24 ಬಿಟ್ ಎಂದರೆ ಅಳತೆಯ ಪೂರ್ಣ ವ್ಯಾಪ್ತಿಯನ್ನು 1,67,77,216 ಮೆಟ್ಟಿಲುಗಳಾಗಿ ಒಡೆಯುವುದು. ವ್ಯಾಪ್ತಿ 5 ವೋಲ್ಟ್ ಆಗಿದ್ದರೆ ಒಂದು ಮೆಟ್ಟಿಲಿನ ಎತ್ತರ ಸುಮಾರು 0.3 ಮೈಕ್ರೋವೋಲ್ಟ್. ಇಷ್ಟು ಸಣ್ಣ ಮೆಟ್ಟಿಲುಗಳನ್ನು ಕಡೆಯುವುದು ಈಗ ಕಷ್ಟವಲ್ಲ. ಯಾವ ಮೆಟ್ಟಿಲ ಮೇಲೆ ನಿಂತಿದ್ದೇವೆಂಬುದನ್ನು ಖಚಿತವಾಗಿ ಹೇಳುವುದು ಕಷ್ಟ. ಪರಿವರ್ತಕದ ಸ್ವಂತ ಗದ್ದಲದ ಗಾತ್ರ, ಗಣಿತಜ್ಞರು ವರ್ಗಮಾಧ್ಯದ ಮೂಲವೆಂದು ಕರೆಯುವ ಲೆಕ್ಕದಲ್ಲಿ, 1 ಮೈಕ್ರೋವೋಲ್ಟ್ ಎಂದಿಟ್ಟುಕೊಳ್ಳೋಣ. ತುದಿಯಿಂದ ತುದಿಗೆ ನೋಡಿದರೆ ಅಂಥ ಗದ್ದಲ ಇದರ ಸುಮಾರು 6.6 ಪಟ್ಟು ಹರಡಿರುತ್ತದೆಂಬುದು ಈ ಕ್ಷೇತ್ರದ ರೂಢಿಯ ಲೆಕ್ಕ. ಆಗ 22 ಮೆಟ್ಟಿಲುಗಳಷ್ಟು ಅಗಲದಲ್ಲಿ ಅಂಕೆ ಕುಣಿಯುತ್ತಿರುತ್ತದೆ; 24 ಬಿಟ್‌ಗಳಲ್ಲಿ ನಂಬಬಹುದಾದವು ಹತ್ತೊಂಬತ್ತೂವರೆ ಮಾತ್ರ. ಮಾರಾಟದ ಪತ್ರಿಕೆಗಳಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವುದು ಮೊದಲನೆಯ ಸಂಖ್ಯೆ. ಎರಡನೆಯದು ಒಳಪುಟಗಳ ಕೋಷ್ಟಕದಲ್ಲಿ ಎಲ್ಲಿಯೋ ಇರುತ್ತದೆ.

ಹಲವು ಸಲ ಅಳೆದು ಸರಾಸರಿ ತೆಗೆದರೆ ಸಾಲದೆ ಎಂದು ಕೇಳಬಹುದು. ಚಡಪಡಿಕೆಯ ಬಗೆಯ ಗದ್ದಲಕ್ಕೆ ಈ ಮದ್ದು ನಾಟುತ್ತದೆ. ಬಿಸಿಯಿರುವ ಯಾವ ವಾಹಕದಲ್ಲಾದರೂ ಎಲೆಕ್ಟ್ರಾನುಗಳ ಉಷ್ಣಚಲನೆಯಿಂದ ಗದ್ದಲ ಹುಟ್ಟುತ್ತದೆ. ಕೊಠಡಿಯ ತಾಪದಲ್ಲಿ 1 ಕಿಲೋಓಮಿನ ರೋಧಕವೊಂದರಲ್ಲಿ, 1 ಹರ್ಟ್ಸಿನಷ್ಟು ಆವೃತ್ತಿಯ ಅಗಲಕ್ಕೆ, ಅದರ ಗಾತ್ರ ಸುಮಾರು 4 ನ್ಯಾನೋವೋಲ್ಟ್. ಇದು ಎಲ್ಲ ಆವೃತ್ತಿಗಳಲ್ಲಿಯೂ ಒಂದೇ ಸಮನಾಗಿ ಹರಡಿರುವುದರಿಂದ ಬಿಳಿಯ ಬೆಳಕಿನ ಹೋಲಿಕೆಯ ಮೇಲೆ ಇದನ್ನು ಬಿಳಿ ಗದ್ದಲವೆನ್ನುತ್ತಾರೆ. ಇದರಲ್ಲಿ ಒಂದು ಗಳಿಗೆಯ ತಪ್ಪಿಗೂ ಮರುಗಳಿಗೆಯ ತಪ್ಪಿಗೂ ನಂಟಿಲ್ಲ. ಆದುದರಿಂದ 100 ಅಳತೆಗಳ ಸರಾಸರಿಯಲ್ಲಿ ತಪ್ಪು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ, 10,000 ಅಳತೆಗಳಲ್ಲಿ ನೂರರಲ್ಲಿ ಒಂದು ಪಾಲಿಗೆ. ತಾಳ್ಮೆಯಿದ್ದವನಿಗೆ ನಿಖರತೆ ಒಲಿಯುತ್ತದೆ ಎನ್ನಿಸುವ ಲೆಕ್ಕವಿದು.

ನಿಧಾನ ಅಲೆದಾಟದ ಮುಂದೆ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಈ ಗಳಿಗೆಯ ತಪ್ಪು ಮರುಗಳಿಗೆಗೂ ಮುಂದುವರಿಯುತ್ತದೆ. ಸೊನ್ನೆಯೇ ಅರ್ಧ ಗಂಟೆ ಪಕ್ಕಕ್ಕೆ ಸರಿದು ನಿಂತಿದ್ದರೆ ಆ ಅರ್ಧ ಗಂಟೆಯಲ್ಲಿ ತೆಗೆದ ಸಾವಿರ ಅಳತೆಗಳೂ ಒಂದೇ ಕಡೆಗೆ ತಪ್ಪುತ್ತವೆ. ಸರಾಸರಿ ಆ ತಪ್ಪನ್ನೇ ಇನ್ನಷ್ಟು ಅಂಕೆಗಳವರೆಗೆ ಸ್ಪಷ್ಟಪಡಿಸಿ ತೋರಿಸುತ್ತದೆ. ಸಂಶೋಧನ ಪ್ರಬಂಧವೊಂದರ ಫಲಿತಾಂಶ ಕೊನೆಯ ಎರಡು ಅಂಕೆಗಳ ಮೇಲೆ ನಿಂತಿರುವಾಗ ಇದು ಚಿಕ್ಕ ಸಂಗತಿಯಲ್ಲ.

ಈ ಗದ್ದಲ ಮೊದಲು ಕಣ್ಣಿಗೆ ಬಿದ್ದುದು ಟ್ರಾನ್ಸಿಸ್ಟರುಗಳಲ್ಲಲ್ಲ, ನಿರ್ವಾತ ನಳಿಕೆಗಳಲ್ಲಿ. ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಬಂದು ತಲಪುವುದರಿಂದಲೇ ವಿದ್ಯುತ್ ಪ್ರವಾಹದಲ್ಲಿ ಏರಿಳಿತ ಇರಲೇಬೇಕೆಂದು 1918ರಲ್ಲಿ ಜರ್ಮನಿಯ ವಾಲ್ಟರ್ ಷಾಟ್ಕಿ ತೋರಿಸಿದ್ದರು. 1925ರಲ್ಲಿ ಅಮೆರಿಕದಲ್ಲಿ ಜೆ. ಬಿ. ಜಾನ್ಸನ್ ಅದನ್ನು ಅಳೆದು ನೋಡಿದಾಗ ಮೇಲಿನ ಆವೃತ್ತಿಗಳಲ್ಲಿ ಲೆಕ್ಕ ಸರಿಹೋಯಿತು. ಕೆಳಗಿಳಿದಂತೆ ಗದ್ದಲ ಲೆಕ್ಕವನ್ನು ಮೀರಿ ಏರುತ್ತಲೇ ಹೋಯಿತು. ಮಿಣುಕು ಎಂಬರ್ಥದ ಹೆಸರು ಇದಕ್ಕೆ ಆಗಲೇ ಬಿದ್ದಿತು. ಎಣ್ಣೆ ಬತ್ತುತ್ತಿರುವ ದೀಪದ ಕುಡಿಯನ್ನು ಕಂಡವರಿಗೆ ಆ ಹೆಸರಿನ ಔಚಿತ್ಯ ತಿಳಿಯುತ್ತದೆ. ನಾವೂ ಇದನ್ನು 'ಮಿಣುಕು ಗದ್ದಲ' ಎಂದೇ ಕರೆಯುತ್ತೇವೆ. ಇದರ ಲಕ್ಷಣ ಸರಳ: ಆವೃತ್ತಿ ಅರ್ಧಕ್ಕಿಳಿದರೆ ಗದ್ದಲದ ಶಕ್ತಿಸಾಂದ್ರತೆ ಇಮ್ಮಡಿಯಾಗುತ್ತದೆ, ಹತ್ತರಲ್ಲಿ ಒಂದಕ್ಕಿಳಿದರೆ ಹತ್ತು ಪಟ್ಟಾಗುತ್ತದೆ. ಮುಂದೆ ಇದೇ ಲಕ್ಷಣ ಇಂಗಾಲದ ರೋಧಕಗಳಲ್ಲಿ, ಡಯೋಡುಗಳಲ್ಲಿ, ಟ್ರಾನ್ಸಿಸ್ಟರುಗಳಲ್ಲಿ ಕಂಡಿತು. ಸಂಗೀತದ ಮತ್ತು ಮಾತಿನ ದನಿಯ ಏರಿಳಿತದಲ್ಲಿಯೂ ಅದು ಇದೆಯೆಂದು 1975ರಲ್ಲಿ ವಾಸ್ ಮತ್ತು ಕ್ಲಾರ್ಕ್ ಎಂಬಿಬ್ಬರು ತೋರಿಸಿದ ಮೇಲೆ, ಭೌತವಿಜ್ಞಾನದ ಹೊರಗೂ ಇದರ ಬಗೆಗೆ ಕುತೂಹಲ ಹುಟ್ಟಿತು. ಆ ಕುತೂಹಲದಲ್ಲಿ ಒಂದಿಷ್ಟು ಅತಿಯೂ ಇತ್ತೆಂದು ನಮ್ಮ ಅಭಿಪ್ರಾಯ.

ಟ್ರಾನ್ಸಿಸ್ಟರಿನಲ್ಲಿ ಇದು ಹುಟ್ಟುವ ಬಗೆಯನ್ನು ಒಂದು ಛತ್ರದ ಹೋಲಿಕೆಯಿಂದ ವಿವರಿಸಬಹುದು. ಯಾತ್ರಾಸ್ಥಳವೊಂದರ ಛತ್ರಕ್ಕೆ ಬರುವವರಲ್ಲಿ ಕೆಲವರು ನೀರು ಕುಡಿದು ಹೊರಡುತ್ತಾರೆ. ಕೆಲವರು ರಾತ್ರಿ ತಂಗುತ್ತಾರೆ. ಕೆಲವರು ಚಾತುರ್ಮಾಸ್ಯ ಮುಗಿಯುವವರೆಗೂ ಕದಲುವುದಿಲ್ಲ. ಬಾಗಿಲಲ್ಲಿ ನಿಂತು ಒಳಗಿರುವವರ ಎಣಿಕೆ ತೆಗೆದರೆ, ನೀರು ಕುಡಿಯುವವರಿಂದ ನಿಮಿಷನಿಮಿಷದ ಏರಿಳಿತ, ರಾತ್ರಿ ತಂಗುವವರಿಂದ ದಿನದಿನದ ಏರಿಳಿತ, ಉಳಿದವರಿಂದ ತಿಂಗಳುಗಳ ಏರಿಳಿತ ಕಾಣುತ್ತದೆ. ಮಾಸ್ ಬಗೆಯ ಟ್ರಾನ್ಸಿಸ್ಟರಿನಲ್ಲಿ ಸಿಲಿಕಾನಿನ ಮೇಲೆ ತೆಳುವಾದ ಆಕ್ಸೈಡಿನ ಪದರವಿದೆ. ಆ ಪದರದ ಕುಂದುಗಳಲ್ಲಿ ಎಲೆಕ್ಟ್ರಾನುಗಳು ಸಿಕ್ಕಿಕೊಂಡು ಬಿಡುಗಡೆಯಾಗುತ್ತಿರುತ್ತವೆ. ಮೇಲುಭಾಗದ ಕುಂದಿನಲ್ಲಿ ಸಿಕ್ಕಿದ್ದು ಬೇಗ ಹೊರಬರುತ್ತದೆ. ಆಳ ಹೆಚ್ಚಿದಂತೆ ತಂಗುವ ಕಾಲ ಬಹುಬೇಗ, ಗುಣೋತ್ತರವಾಗಿ ಬೆಳೆಯುತ್ತದೆ. ಎಲ್ಲ ಆಳಗಳಲ್ಲಿಯೂ ಕುಂದುಗಳು ಹರಡಿರುವುದರಿಂದ ಎಲ್ಲ ಕಾಲಾವಧಿಗಳ ಏರಿಳಿತಗಳೂ ಸೇರಿ, ಆವೃತ್ತಿಗೆ ವಿಲೋಮವಾದ ಗದ್ದಲವೇ ಮೊತ್ತವಾಗಿ ದೊರೆಯುತ್ತದೆ. 1957ರಲ್ಲಿ ಮ್ಯಾಕ್‌ವರ್ಟರ್ ಜರ್ಮೇನಿಯಂ ಮೇಲ್ಮೈಗಾಗಿ ಮುಂದಿಟ್ಟ ಈ ವಿವರಣೆ ಆಮೇಲೆ ಮಾಸ್ ಟ್ರಾನ್ಸಿಸ್ಟರುಗಳಿಗೆ ಚೆನ್ನಾಗಿ ಹೊಂದಿತು. ಗದ್ದಲ ಮೇಲ್ಮೈಯದಲ್ಲ, ವಸ್ತುವಿನ ಒಡಲಲ್ಲಿ ಎಲೆಕ್ಟ್ರಾನುಗಳ ಓಟಕ್ಕೆ ಒದಗುವ ಅಡ್ಡಿಯ ಏರಿಳಿತದ್ದು ಎಂದು 1969ರಲ್ಲಿ ನೆದರ್‌ಲೆಂಡ್ಸಿನ ಹೂಗೆ ವಾದಿಸಿದರು. ಈ ಎರಡು ಪಂಥಗಳ ವಾಗ್ವಾದ ಬಹುಕಾಲ ನಡೆಯಿತು. 1984ರಲ್ಲಿ ಅತಿ ಸಣ್ಣ ಟ್ರಾನ್ಸಿಸ್ಟರುಗಳಲ್ಲಿ ಒಂದೇ ಎಲೆಕ್ಟ್ರಾನು ಒಂದೇ ಕುಂದಿಗೆ ಹೋಗಿ ಬರುವುದು ಪ್ರವಾಹದ ಎರಡು ಮಟ್ಟಗಳ ನೆಗೆತವಾಗಿ ಕಂಡುಬಂದಾಗ, ಛತ್ರದ ಯಾತ್ರಿಕನೊಬ್ಬನ ಮುಖವನ್ನೇ ನೋಡಿದಂತಾಯಿತು.

ಈ ಗದ್ದಲದ ಲೆಕ್ಕದಲ್ಲಿ ಒಂದು ಸ್ವಾರಸ್ಯವಿದೆ. ಆವೃತ್ತಿಯ ಪ್ರತಿಯೊಂದು ಹತ್ತುಪಟ್ಟಿನ ಅಂತರದಲ್ಲಿಯೂ ಇದರ ಶಕ್ತಿ ಒಂದೇ. 1ರಿಂದ 10 ಹರ್ಟ್ಸಿನ ನಡುವೆ ಎಷ್ಟೋ, 0.1ರಿಂದ 1ರ ನಡುವೆಯೂ ಅಷ್ಟೇ, 0.01ರಿಂದ 0.1ರ ನಡುವೆಯೂ ಅಷ್ಟೇ. ಹಾಗಾದರೆ ಸೊನ್ನೆ ಆವೃತ್ತಿಯವರೆಗೆ ಇಳಿದರೆ ಮೊತ್ತ ಅನಂತವಾಗಬೇಡವೆ? ಕಾಗದದ ಮೇಲೆ ಆಗುತ್ತದೆ. ಆದರೆ ಹತ್ತು ಸೆಕೆಂಡು ನೋಡುವವನಿಗೆ 0.1 ಹರ್ಟ್ಸಿಗಿಂತ ನಿಧಾನವಾದುದು ಕಾಣುವುದಿಲ್ಲ. ಒಂದು ದಿನ ನೋಡಿದರೆ ಕೆಳಗೆ ಇನ್ನೂ ನಾಲ್ಕು ಹತ್ತುಪಟ್ಟು ಇಳಿದಂತಾಯಿತು, ಅಷ್ಟೇ. ವಿಶ್ವ ಹುಟ್ಟಿದಂದಿನಿಂದ ಇಂದಿನವರೆಗೂ ಎಡೆಬಿಡದೆ ನೋಡಿದ್ದರೂ 1 ಹರ್ಟ್ಸಿನಿಂದ ಕೆಳಕ್ಕೆ ಹದಿನೇಳೂವರೆ ಹತ್ತುಪಟ್ಟು ಮಾತ್ರ. ಗದ್ದಲದ ಗಾತ್ರ ಶಕ್ತಿಯ ವರ್ಗಮೂಲವಾದುದರಿಂದ ಅದು ಒಂದು ಹತ್ತುಪಟ್ಟಿನ ಗದ್ದಲಕ್ಕಿಂತ ನಾಲ್ಕು ಪಟ್ಟಿಗೆ ತುಸು ಹೆಚ್ಚು. ಮಿಣುಕು ಗದ್ದಲ ಮಿತಿಮೀರಿ ಬೆಳೆಯುವ ಶತ್ರುವಲ್ಲ. ಎಷ್ಟು ಕಾದರೂ ಕುಗ್ಗದಿರುವುದೇ ಅದರ ಉಪದ್ರವ.

ಇದೇ ಲೆಕ್ಕದಿಂದ ತಯಾರಕರ ಮಾಹಿತಿಪತ್ರವನ್ನು ಓದುವ ರೀತಿಯೂ ತಿಳಿಯುತ್ತದೆ. ಕೆಳ ಆವೃತ್ತಿಯ ಗದ್ದಲವನ್ನು 0.1ರಿಂದ 10 ಹರ್ಟ್ಸಿನ ನಡುವೆ, ಎಂದರೆ ಹತ್ತು ಸೆಕೆಂಡಿನ ನೋಟದಲ್ಲಿ ಹೇಳುವುದು ಉದ್ಯಮದ ವಾಡಿಕೆ. ಅಳತೆ ಒಂದು ಗಂಟೆ ನಡೆಯುವುದಾದರೆ ಇನ್ನೂ ಎರಡೂವರೆ ಹತ್ತುಪಟ್ಟುಗಳು ಲೆಕ್ಕಕ್ಕೆ ಸೇರುತ್ತವೆ. ಪತ್ರದಲ್ಲಿ ಅಚ್ಚಾದ ಸಂಖ್ಯೆಯನ್ನು ಒಂದೂವರೆ ಪಟ್ಟು ಮಾಡಿಕೊಳ್ಳಬೇಕು. ತಾಪದ ಬದಲಾವಣೆಯಿಂದಾಗುವ ಸರಿತ ಇದರ ಮೇಲೆ ಬೇರೆ.

ಬಿಳಿ ಗದ್ದಲವನ್ನು ಮೀರಿ ಮಿಣುಕು ಗದ್ದಲ ತಲೆಯೆತ್ತುವ ಆವೃತ್ತಿಗೆ ಮೂಲೆಯ ಆವೃತ್ತಿ ಎಂದು ಹೆಸರು. ಓಪಿ27 ಎಂಬ ಹಳೆಯ, ಪ್ರಸಿದ್ಧ ವರ್ಧಕದಲ್ಲಿ ಅದು 2.7 ಹರ್ಟ್ಸ್, ಅದರ ಒಳಹೊಗುವ ಟ್ರಾನ್ಸಿಸ್ಟರುಗಳು ಬೈಪೋಲಾರ್ ಬಗೆಯವು, ಪ್ರವಾಹ ಆಕ್ಸೈಡಿನ ಅಂಚಿನಲ್ಲಿ ಹರಿಯುವುದಿಲ್ಲ. ಮಾಸ್ ಟ್ರಾನ್ಸಿಸ್ಟರುಗಳಲ್ಲಿ ಮೂಲೆ ಕಿಲೋಹರ್ಟ್ಸುಗಳಲ್ಲಿ, ಎಷ್ಟೋ ವೇಳೆ ಹತ್ತಾರು ಕಿಲೋಹರ್ಟ್ಸುಗಳಲ್ಲಿರುತ್ತದೆ. ಹೀಗಿದ್ದೂ ಇಂದಿನ ನಿಖರ ಪರಿವರ್ತಕಗಳು ಬಹುಮಟ್ಟಿಗೆ ಮಾಸ್ ತಂತ್ರದಲ್ಲಿಯೇ ತಯಾರಾಗುತ್ತವೆ. ಅಂಕೆಗಳನ್ನು ಸೋಸುವ ದೊಡ್ಡ ಡಿಜಿಟಲ್ ಮಂಡಲವೂ ಅದೇ ಚಿಪ್ಪಿನ ಮೇಲೆ ಕೂರಬೇಕಾಗಿರುವುದೇ ಇದಕ್ಕೆ ಕಾರಣ. ನಿಧಾನದ ಅಳತೆಗೆ ಹೆಚ್ಚು ಒಗ್ಗದ ಮಣ್ಣಿನಲ್ಲಿಯೇ ನಿಧಾನದ ಅಳತೆಯ ಬೆಳೆಯನ್ನು ತೆಗೆಯುತ್ತಿದ್ದೇವೆ ಎನ್ನಬೇಕು.

ಡೆಲ್ಟಾ-ಸಿಗ್ಮಾ ಎಂಬ ವಿಧಾನದ ಪರಿವರ್ತಕಗಳ ಬಗೆಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. 1962ರಲ್ಲಿ ಜಪಾನಿನ ಇನೋಸೆ, ಯಸುದಾ, ಮುರಕಾಮಿ ಇವರು ಪ್ರಕಟಿಸಿದ ಈ ವಿಧಾನದಲ್ಲಿ, ಮೆಟ್ಟಿಲುಗಳಿಗೆ ಹೊಂದಿಸುವಾಗ ಆಗುವ ದೋಷವನ್ನು ಮೇಲಿನ ಆವೃತ್ತಿಗಳಿಗೆ ತಳ್ಳಿ, ಅಲ್ಲಿ ಸೋಸಿ ಬಿಡುತ್ತಾರೆ. ಗದ್ದಲವನ್ನೆಲ್ಲ ಹೀಗೆ ಮೇಲಕ್ಕೆ ಅಟ್ಟಲಾಗುತ್ತದೆಂದು ಕೆಲವರು ಭಾವಿಸುತ್ತಾರೆ. ಅಟ್ಟಲಾಗುವುದು ಮೆಟ್ಟಿಲಿನ ದೋಷ ಮಾತ್ರ. ಬಾಗಿಲಲ್ಲೇ ನಿಂತಿರುವ ಮೊದಲ ವರ್ಧಕದ ಮಿಣುಕು ಗದ್ದಲ ಸಂಕೇತದ ಜೊತೆಯಲ್ಲಿಯೇ ಒಳಬರುತ್ತದೆ. 20 ಮಿಲಿಸೆಕೆಂಡು ಸಂಕಲಿಸಿ ನಮ್ಮ 50 ಹರ್ಟ್ಸಿನ ಮನೆವಿದ್ಯುತ್ತಿನ ಗುಂಯ್‌ಗುಟ್ಟುವಿಕೆಯನ್ನು ಸೊನ್ನೆ ಮಾಡುವ ಹಳೆಯ ಸಂಕಲನ ಪರಿವರ್ತಕಗಳಿಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಉಪಾಯವೇನು? ಎರಡು ತಟ್ಟೆಯ ತಕ್ಕಡಿಯ ಕಾಲದಿಂದಲೂ ಜನ ಅದನ್ನು ಬಲ್ಲರು. ತಕ್ಕಡಿಯ ಮೇಲೆ ಅನುಮಾನ ಬಂದ ಗಿರಾಕಿ, ಬೆಲ್ಲವನ್ನು ಬಟ್ಟಿನ ತಟ್ಟೆಗೂ ಬಟ್ಟನ್ನು ಬೆಲ್ಲದ ತಟ್ಟೆಗೂ ಹಾಕಿ ಇನ್ನೊಮ್ಮೆ ತೂಗು ಎನ್ನುತ್ತಾನೆ. ಒಂದು ತಟ್ಟೆ ತುಸು ಭಾರವಾಗಿದ್ದರೆ ಮೊದಲ ಸಲ ಆ ದೋಷ ಬೆಲ್ಲದ ಪರವಾಗಿರುತ್ತದೆ, ಎರಡನೆಯ ಸಲ ವಿರುದ್ಧವಾಗಿರುತ್ತದೆ. ಎರಡು ತೂಕಗಳ ನಡುವಣ ಬೆಲೆ ಸತ್ಯ. ಪರಿವರ್ತಕದಲ್ಲಿಯೂ ಇದನ್ನೇ ಮಾಡುತ್ತಾರೆ. ಸಂಕೇತವನ್ನು ಒಮ್ಮೆ ನೆಟ್ಟಗೆ, ಮರುಕ್ಷಣ ತುದಿಗಳನ್ನು ಅದಲುಬದಲು ಮಾಡಿ ಅಳೆದು, ಒಂದರಿಂದ ಇನ್ನೊಂದನ್ನು ಕಳೆದು ಅರ್ಧ ಮಾಡಿದರೆ ಸಂಕೇತ ಉಳಿಯುತ್ತದೆ, ವರ್ಧಕದ ಸೊನ್ನೆಯ ತಪ್ಪು ಹೋಗುತ್ತದೆ. ಕತ್ತರಿಸುವಿಕೆ ಎಂಬರ್ಥದ ಚಾಪಿಂಗ್ ಎಂಬ ಹೆಸರಿನಲ್ಲಿ ಇದು ಪ್ರಸಿದ್ಧವಾಗಿದೆ; ನಿರ್ವಾತ ನಳಿಕೆಗಳ ದಿನಗಳಲ್ಲಿ ಕಂಪಿಸುವ ಲೋಹದ ಪಟ್ಟಿಯ ಸ್ವಿಚ್ಚುಗಳು ಈ ಕೆಲಸ ಮಾಡುತ್ತಿದ್ದವು.

ಇಲ್ಲಿ ಗಮನಿಸಬೇಕಾದುದು ಅದಲುಬದಲಿನ ವೇಗ. ಎರಡು ತೂಕಗಳ ನಡುವೆ ತಟ್ಟೆಯ ಭಾರವೇ ಬದಲಾದರೆ ಉಪಾಯ ಕೆಡುತ್ತದೆ. ಸೆಕೆಂಡಿಗೆ ಐದು ಸಲ ಬದಲಿಸುವ ಪರಿವರ್ತಕ ಅದಕ್ಕಿಂತ ನಿಧಾನವಾದ ಅಲೆದಾಟವನ್ನು ಕಳೆಯುತ್ತದೆ. 5 ಹರ್ಟ್ಸಿಗೂ ಮೂಲೆಯ ಆವೃತ್ತಿಗೂ ನಡುವೆ ಇರುವ ಮಿಣುಕು ಗದ್ದಲ ಉಳಿದೇ ಇರುತ್ತದೆ. ಆದಕಾರಣ ಇಂದಿನ ಚಿಪ್ಪುಗಳಲ್ಲಿ ಮೊದಲ ವರ್ಧಕದ ಒಳಗೇ ಹತ್ತಾರು, ನೂರಾರು ಕಿಲೋಹರ್ಟ್ಸಿನ ವೇಗದಲ್ಲಿ ಅದಲುಬದಲು ನಡೆಸಿ, ಹೊರಗೆ ನಿಧಾನದ ಇನ್ನೊಂದು ಅದಲುಬದಲನ್ನು ಸುತ್ತಿರುತ್ತಾರೆ. ಹೀಗೆ ಕಟ್ಟಿದ ಎಡಿ7190 ಎಂಬ ಪರಿವರ್ತಕದ ಗದ್ದಲ, 128 ಪಟ್ಟು ವರ್ಧನೆಯಲ್ಲಿ, ಸೆಕೆಂಡಿಗೆ 4.7 ಅಳತೆಗಳ ವೇಗದಲ್ಲಿ, 8.5 ನ್ಯಾನೋವೋಲ್ಟ್ ಎಂದು ಅದರ ಮಾಹಿತಿಪತ್ರ ಹೇಳುತ್ತದೆ. ಒಂದು ವೋಲ್ಟಿನ ಹತ್ತು ಕೋಟಿಯಲ್ಲಿ ಒಂದು ಪಾಲಿಗಿಂತಲೂ ಇದು ಕಡಿಮೆ.

ಈ ಲಾಭ ಪುಕ್ಕಟೆಯಲ್ಲ. ಪ್ರತಿ ಸಲ ಸ್ವಿಚ್ಚು ತಿರುಗಿದಾಗಲೂ ಒಂದು ಚಿಟಿಕೆ ವಿದ್ಯುದಂಶ ಒಳತುದಿಗಳಿಗೆ ಚಿಮ್ಮುತ್ತದೆ. ಸರಾಸರಿಯಲ್ಲಿ ಅದು ಒಂದು ಸಣ್ಣ ಪ್ರವಾಹವೆನಿಸುತ್ತದೆ. 100 ಪಿಕೋಆಂಪಿಯರಿನ ಪ್ರವಾಹ 10 ಕಿಲೋಓಮಿನ ಸಂವೇದಕದ ಮೂಲಕ ಹರಿದರೆ 1 ಮೈಕ್ರೋವೋಲ್ಟಿನ ತಪ್ಪಾಯಿತು. ಗದ್ದಲವನ್ನು ಕಳೆಯಹೋಗಿ ಅದರ ನೂರು ಪಟ್ಟು ತಪ್ಪನ್ನು ತಂದುಕೊಂಡ ಉದಾಹರಣೆಗಳನ್ನು ಕಂಡಿದ್ದೇವೆ. ಹೆಚ್ಚು ರೋಧದ ಸಂವೇದಕಗಳಿಗೆ ಹಳೆಯ ಮಾದರಿಯ ಬೈಪೋಲಾರ್ ಅಥವಾ ಜೆಫೆಟ್ ವರ್ಧಕವೇ ವಾಸಿಯೆಂಬುದು ನಮ್ಮ ಅನುಭವ. ಅದಲುಬದಲಿನ ಬದಲಿಗೆ ಸೊನ್ನೆಯನ್ನೇ ಅಳೆದು ನೆನಪಿಟ್ಟುಕೊಂಡು ಕಳೆಯುವ ಇನ್ನೊಂದು ವಿಧಾನದಲ್ಲಿ ಮೇಲಿನ ಆವೃತ್ತಿಗಳ ಬಿಳಿ ಗದ್ದಲ ಮಡಿಸಿಕೊಂಡು ಕೆಳಕ್ಕೆ ಬರುತ್ತದೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರಲ್ಲಿ ಗಾಳಿ.

ಗೊತ್ತಿರುವ ಬೆಲೆಗೆ ಮತ್ತೆ ಮತ್ತೆ ಮರಳುವ ಈ ಉಪಾಯದ ಹಿರಿಮೆಯನ್ನು ಖಗೋಳಶಾಸ್ತ್ರದಲ್ಲಿ ಕಾಣಬೇಕು. 1946ರಲ್ಲಿ ರಾಬರ್ಟ್ ಡಿಕಿ ಮೈಕ್ರೋತರಂಗ ಗ್ರಾಹಕವೊಂದನ್ನು ಆಕಾಶಕ್ಕೂ ತಾಪ ಗೊತ್ತಿರುವ ಒಂದು ರೋಧಕಕ್ಕೂ ಬಿಡದೆ ಬದಲಿಸುತ್ತಾ ಅಳೆದು, ಗ್ರಾಹಕದ ಸ್ವಂತ ಅಲೆದಾಟವನ್ನು ಗೆದ್ದರು. ಪೆಂಜಿಯಾಸ್ ಮತ್ತು ವಿಲ್ಸನ್ ದ್ರವ ಹೀಲಿಯಂನಲ್ಲಿ ತಣಿಸಿದ ಉಲ್ಲೇಖದೊಡನೆ ತಮ್ಮ ಆಂಟೆನಾವನ್ನು ಹೋಲಿಸಿದ್ದರಿಂದಲೇ, 1965ರಲ್ಲಿ ಪ್ರಕಟವಾದ ಆ ಸುಮಾರು 3.5 ಕೆಲ್ವಿನ್ನಿನ ಹೆಚ್ಚುವರಿ ಉಪಕರಣದ ದೋಷವಲ್ಲವೆಂದು ನಿಲ್ಲಿಸಿ ಹೇಳಲು ಸಾಧ್ಯವಾಯಿತು. ನಮ್ಮ ನಾಡಿನದೇ ಒಂದು ನಿದರ್ಶನವುಂಟು. ಮೊದಲ ನಕ್ಷತ್ರಗಳ ಕಾಲದ ಕುರುಹನ್ನು ಕಂಡೆವೆಂದು 2018ರಲ್ಲಿ ಎಡ್ಜಸ್ ಎಂಬ ಪ್ರಯೋಗದವರು ಪ್ರಕಟಿಸಿದ್ದರು. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯವರು ಸಾರಸ್-3 ಎಂಬ ತಮ್ಮ ಗ್ರಾಹಕವನ್ನು 2020ರಲ್ಲಿ ದಂಡಿಗಾನಹಳ್ಳಿ ಕೆರೆಯ ಮೇಲೆಯೂ ಶರಾವತಿಯ ಹಿನ್ನೀರಿನ ಮೇಲೆಯೂ ತೇಲಿಸಿ ಅಳೆದರು. ನೀರಿನ ಮೇಲೆ ತೇಲಿಸಿದ್ದು ನೆಲದ ಪ್ರಭಾವವನ್ನು ತಪ್ಪಿಸಲು. ಗ್ರಾಹಕದ ಒಳಗಿನ ದೋಷಗಳನ್ನು ಕಳೆಯಲು ಮಾತ್ರ ಡಿಕಿಯ ಮನೆತನದ ಸ್ವಿಚ್ಚುಗಳೇ ಬೇಕಾದವು. ಆ ಕುರುಹು ಆಕಾಶದ್ದಲ್ಲವೆಂದು, 95.3 ಶೇಕಡಾ ವಿಶ್ವಾಸದೊಡನೆ, 2022ರಲ್ಲಿ ಅವರು ಪ್ರಕಟಿಸಿದರು.

ಅದಲುಬದಲಿನಿಂದ ಹೋಗದ ಮಿಣುಕು ಒಂದಿದೆ. ಈ ಲೇಖನದಲ್ಲಿ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಪರಿವರ್ತಕ ಕೊಡುವ ಅಂಕೆ, ಅಳೆಯುವ ವೋಲ್ಟೇಜು ಉಲ್ಲೇಖದ ವೋಲ್ಟೇಜಿನ ಎಷ್ಟು ಪಾಲು ಎಂಬುದಷ್ಟೆ. ತಟ್ಟೆಗಳನ್ನು ಎಷ್ಟು ಸಲ ಬದಲಿಸಿದರೂ ಬಟ್ಟೇ ಸವೆಯುತ್ತ ಬೆಳೆಯುತ್ತ ಇದ್ದರೆ ತೂಕ ನಿಲ್ಲುವುದಿಲ್ಲ. ಉಲ್ಲೇಖದ ಮೂಲವೂ ಒಂದು ಟ್ರಾನ್ಸಿಸ್ಟರ್ ಮಂಡಲ. ಅದಕ್ಕೂ ಮಿಣುಕು ಗದ್ದಲವಿದೆ. ಅರೆವಾಹಕ ಉಲ್ಲೇಖಗಳಲ್ಲಿ ಮೇಲ್ಪಂಕ್ತಿಯದಾದ ಎಲ್‌ಟಿಜೆಡ್1000ರಲ್ಲಿ ಝೀನರ್ ಸಂಧಿಯನ್ನು ಸಿಲಿಕಾನಿನ ಮೇಲ್ಮೈಯಿಂದ ಒಳಕ್ಕೆ ಹೂತಿರುತ್ತಾರೆ. ಛತ್ರದ ಕುಂದುಗಳಿಂದ ದೂರವಿರಲೆಂದು. ಚಿಪ್ಪಿನ ಮೇಲೇ ಒಂದು ಸಣ್ಣ ಒಲೆಯಿಟ್ಟು ತಾಪವನ್ನು ಸ್ಥಿರವಾಗಿಡುತ್ತಾರೆ. 1980ರ ದಶಕದ ಕೊನೆಯಲ್ಲಿ ಬಂದು ಎಂಟೂವರೆ ಅಂಕೆಗಳ ಮಾಪಕಗಳಿಗೆ ಮಾದರಿಯಾದ ಹ್ಯೂಲೆಟ್-ಪ್ಯಾಕರ್ಡ್ 3458ಎ ಮಾಪಕದ ಎದೆಯಲ್ಲಿರುವುದು ಇದೇ ಬಗೆಯ ಉಲ್ಲೇಖ. ಇಷ್ಟಾದರೂ ಅದರ 7 ವೋಲ್ಟಿನ ಮೇಲೆ 0.1ರಿಂದ 10 ಹರ್ಟ್ಸಿನ ನಡುವೆ ತುದಿಯಿಂದ ತುದಿಗೆ 1.2 ಮೈಕ್ರೋವೋಲ್ಟ್ ಗದ್ದಲ ಉಳಿಯುತ್ತದೆ. ಹತ್ತು ಲಕ್ಷದಲ್ಲಿ 0.17 ಪಾಲು. 24 ಬಿಟ್ಟಿನ ಒಂದು ಮೆಟ್ಟಿಲು ಹತ್ತು ಲಕ್ಷದಲ್ಲಿ 0.06 ಪಾಲು ಮಾತ್ರವಾದುದರಿಂದ, ಜಗತ್ತಿನ ಅತ್ಯುತ್ತಮ ಬಟ್ಟಿನ ಅಲುಗಾಟವೇ ಮೂರು ಮೆಟ್ಟಿಲುಗಳಷ್ಟಾಯಿತು. ನಾಲ್ಕು ಉಲ್ಲೇಖಗಳನ್ನು ಜೊತೆಗೂಡಿಸಿದರೆ ಅದು ಅರ್ಧವಾಗುತ್ತದೆ. ಹದಿನಾರನ್ನು ಕೂಡಿಸಿದರೆ ಕಾಲು ಭಾಗ. ದುಬಾರಿಯಾದ ದಾರಿ.

ಈಗ ಆರಂಭದ ಪ್ರಯೋಗವನ್ನು ನೆನೆಯಬೇಕು. ಒಳತುದಿಗಳನ್ನು ತಂತಿಯಿಂದ ಸೇರಿಸಿದಾಗ ಅಳೆಯುವ ವೋಲ್ಟೇಜು ಸೊನ್ನೆ. ಉಲ್ಲೇಖ ಎಷ್ಟು ಅಲುಗಿದರೂ ಅದರ ಸೊನ್ನೆ ಪಾಲು ಸೊನ್ನೆಯೇ. ಎಂದರೆ ಮಾಹಿತಿಪತ್ರಗಳಲ್ಲಿ ಗದ್ದಲವನ್ನು ಅಳೆಯುವ ರೂಢಿಯ ಸ್ಥಿತಿಯಲ್ಲಿಯೇ ಉಲ್ಲೇಖದ ಗದ್ದಲ ಕಣ್ಣಿಗೆ ಬೀಳುವುದಿಲ್ಲ. ಪೂರ್ಣ ವ್ಯಾಪ್ತಿಯ ಹತ್ತಿರ ಅಳೆದಾಗ ಅದು ಪೂರ್ತಿಯಾಗಿ ಬಂದು ಸೇರುತ್ತದೆ. ಸೊನ್ನೆಯಲ್ಲಿ ಬಂಡೆಯಂತೆ ನಿಂತ ಉಪಕರಣ 9 ವೋಲ್ಟಿನಲ್ಲಿ ಅಲೆದಾಡುವುದನ್ನು ಕಂಡು ಬೆಸುಗೆಯನ್ನು, ಕೇಬಲ್ಲನ್ನು, ಸಂವೇದಕವನ್ನು ದೂರುತ್ತ ಕಾಲ ಕಳೆದವರುಂಟು. ಆ ಸಾಲಿನಲ್ಲಿ ಒಮ್ಮೆ ನಾವೂ ನಿಂತಿದ್ದೆವು.

ಅಂಗಡಿಯ ತಕ್ಕಡಿ ಈ ತೊಡಕಿನಿಂದ ಜಾಣತನದಿಂದ ಪಾರಾಗಿದೆ. ಅದರ ಲೋಡ್ ಸೆಲ್ಲಿನಲ್ಲಿ ಲೋಹದ ತೆಳು ಪಟ್ಟಿಗಳ ಒಂದು ಸೇತುವೆ ಇರುತ್ತದೆ. 5 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ ಸುಮಾರು 10 ಮಿಲಿವೋಲ್ಟ್ ದೊರೆಯುತ್ತದೆ. 30 ಕಿಲೋ ತೂಗುವ, 5 ಗ್ರಾಂ ಮೆಟ್ಟಿಲಿನ ತಕ್ಕಡಿಯಲ್ಲಿ ಒಂದು ಮೆಟ್ಟಿಲಿಗೆ 1.7 ಮೈಕ್ರೋವೋಲ್ಟೂ ಸಿಗುವುದಿಲ್ಲ. ಆದರೆ ಸೇತುವೆಗೆ ಕೊಡುವ ವೋಲ್ಟೇಜನ್ನೇ ಪರಿವರ್ತಕದ ಉಲ್ಲೇಖವನ್ನಾಗಿಯೂ ಬಳಸುವುದರಿಂದ, ಅದು ಅಲುಗಿದರೆ ಬೆಲ್ಲವೂ ಬಟ್ಟೂ ಒಂದೇ ಪ್ರಮಾಣದಲ್ಲಿ ಅಲುಗಿ, ಪಾಲು ಹಾಗೆಯೇ ಉಳಿಯುತ್ತದೆ. ಅಳತೆಯನ್ನು ಅನುಪಾತವಾಗಿ ಮಾಡಿಕೊಳ್ಳಲು ಸಾಧ್ಯವಿದ್ದಲ್ಲೆಲ್ಲ ಹೀಗೆ ಮಾಡುವುದು ಮೇಲು. ಸೇತುವೆಗೆ ಕೊಡುವ ವೋಲ್ಟೇಜಿನ ದಿಕ್ಕನ್ನೇ ಆಗಾಗ ತಿರುಗಿಸಿದರೆ ಇನ್ನೂ ಒಂದು ಲಾಭವಿದೆ: ತಂತಿಗಳ ಸಂಧಿಗಳಲ್ಲಿ ಹುಟ್ಟುವ ಉಷ್ಣವಿದ್ಯುತ್ತೂ ಕಳೆದುಹೋಗುತ್ತದೆ.

ಉಷ್ಣವಿದ್ಯುತ್ತು ಮಿಣುಕು ಗದ್ದಲದ ವೇಷ ಹಾಕಿ ಬರುವ ಅತಿಥಿ. ಬೇರೆ ಬೇರೆ ಲೋಹಗಳು ಸೇರುವೆಡೆಯಲ್ಲಿ ಒಂದು ಡಿಗ್ರಿಯ ವ್ಯತ್ಯಾಸಕ್ಕೆ ಕೆಲವು ಮೈಕ್ರೋವೋಲ್ಟುಗಳು, ಕೆಲವು ಲೋಹಗಳ ಜೋಡಿಗಳಲ್ಲಿ ಹತ್ತಾರು ಮೈಕ್ರೋವೋಲ್ಟುಗಳು ಹುಟ್ಟುತ್ತವೆ. ಆಕ್ಸೈಡು ಕಟ್ಟಿದ ತಾಮ್ರದಲ್ಲಿ ಇನ್ನೂ ಹೆಚ್ಚು. ಫ್ಯಾನಿನ ಗಾಳಿ ಮಂಡಲದ ಹಲಗೆಯ ಮೇಲೆ ಸುಳಿದಾಡಿದರೆ ಅಂಕೆಗಳೂ ಸುಳಿದಾಡುತ್ತವೆ. ಒಂದು ಬಟ್ಟಲನ್ನು ಚಿಪ್ಪಿನ ಮೇಲೆ ಕವುಚಿ ನೋಡಿದಾಗ ಅಲೆದಾಟ ತಗ್ಗಿದರೆ ದೋಷ ಗಾಳಿಯದೆಂದು ತಿಳಿಯಬೇಕು. ದುಬಾರಿ ಉಪಕರಣಗಳಿಂದ ತೊಡಗುವ ಮುನ್ನ ಮಾಡಬೇಕಾದ ಪರೀಕ್ಷೆಯಿದು.

ಇಷ್ಟೆಲ್ಲ ಮಾಡಿದ ಮೇಲೂ, ಎಷ್ಟು ಹೊತ್ತು ಸರಾಸರಿ ತೆಗೆಯಬೇಕೆಂಬ ಪ್ರಶ್ನೆ ಉಳಿಯುತ್ತದೆ. 1966ರಲ್ಲಿ ಡೇವಿಡ್ ಆಲನ್ ಪರಮಾಣು ಗಡಿಯಾರಗಳಿಗಾಗಿ ರೂಪಿಸಿದ ಒಂದು ಲೆಕ್ಕ ಇಲ್ಲಿ ಒದಗುತ್ತದೆ. ಅಳತೆಗಳ ಉದ್ದನೆಯ ಸಾಲನ್ನು ಸಮನಾದ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಸರಾಸರಿ ಅದರ ಮುಂದಿನ ತುಂಡಿನ ಸರಾಸರಿಯಿಂದ ಎಷ್ಟು ಬೇರೆಯಾಗಿದೆಯೆಂದು ನೋಡುವುದು; ತುಂಡಿನ ಉದ್ದವನ್ನು ಹೆಚ್ಚಿಸುತ್ತ ಇದನ್ನೇ ಮಾಡಿ ನಕ್ಷೆ ಬರೆಯುವುದು. ರೇಖೆ ಮೊದಲು ಇಳಿಯುತ್ತದೆ. ಅದು ಬಿಳಿ ಗದ್ದಲ ಸರಾಸರಿಗೆ ಮಣಿಯುವ ಭಾಗ. ಆಮೇಲೆ ಬಯಲಿನಂತೆ ಸಮತಟ್ಟಾಗುತ್ತದೆ. ಅಲ್ಲಿಂದ ಮಿಣುಕಿನ ರಾಜ್ಯ, ಕಾದು ಫಲವಿಲ್ಲ. ಇನ್ನೂ ಮುಂದೆ ತಾಪದ ಸರಿತದಿಂದ ಮತ್ತೆ ಏರುತ್ತದೆ. ಅಲ್ಲಿ ಕಾದಷ್ಟೂ ನಷ್ಟ. ಬಯಲು ಆರಂಭವಾಗುವೆಡೆಯೇ ಸರಾಸರಿಯನ್ನು ನಿಲ್ಲಿಸಬೇಕಾದ ಕಾಲ. ಒಂದೇ ಮಾದರಿಯ ಎರಡು ಚಿಪ್ಪುಗಳಲ್ಲಿ ಕೂಡ ಆ ಕಾಲ ಒಂದೇ ಆಗಿರಬೇಕಿಲ್ಲವಾದುದರಿಂದ ಪ್ರತಿಯೊಬ್ಬರೂ ತಮ್ಮ ಉಪಕರಣಕ್ಕೆ ತಾವೇ ಈ ನಕ್ಷೆಯನ್ನು ಬರೆದುಕೊಳ್ಳುವುದು ಲೇಸು.

ಮಿಣುಕಿಲ್ಲದ ಬಟ್ಟು ಒಂದುಂಟು. ಅತಿಶೀತದಲ್ಲಿ ಕೆಲಸಮಾಡುವ ಜೋಸೆಫ್‌ಸನ್ ಸಂಧಿಗಳು ಮೈಕ್ರೋತರಂಗದ ಆವೃತ್ತಿಯೊಂದನ್ನೇ ಆಧಾರವಾಗಿಟ್ಟುಕೊಂಡು ವೋಲ್ಟೇಜನ್ನು ಕೊಡುತ್ತವೆ. 1990ರಿಂದ ಜಗತ್ತಿನ ಅಳತೆ ಕೇಂದ್ರಗಳೆಲ್ಲ ವೋಲ್ಟಿಗೆ ಈ ಪರಿಣಾಮವನ್ನು ಒಪ್ಪಿಕೊಂಡವು. 2019ರ ಮೇ 20ರಂದು ಮೂಲಮಾನಗಳ ವ್ಯಾಖ್ಯೆ ಬದಲಾದ ಮೇಲೆ ಇದರ ಸ್ಥಿರಾಂಕ ಲವಲೇಶವೂ ಅನಿಶ್ಚಿತಿಯಿಲ್ಲದ ಸಂಖ್ಯೆಯಾಗಿದೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ನಮ್ಮ ದೇಶದ ವೋಲ್ಟ್ ಇರುವುದೂ ಈ ರೂಪದಲ್ಲಿಯೇ. ಆದರೆ ಆ ವೋಲ್ಟನ್ನು ಊರೂರಿಗೆ ಹೊತ್ತೊಯ್ಯಲು ಝೀನರ್ ಪೆಟ್ಟಿಗೆಗಳೇ ಬೇಕು. ಫ್ರಾನ್ಸಿನ ಸೆವ್ರ್‌ನಲ್ಲಿರುವ ಅಂತಾರಾಷ್ಟ್ರೀಯ ತೂಕ-ಅಳತೆಗಳ ಬ್ಯೂರೋದ ಥಾಮಸ್ ವಿಟ್ ಅಂಥ ಪೆಟ್ಟಿಗೆಗಳನ್ನು ಆಲನ್ನನ ಲೆಕ್ಕದಿಂದ ಪರೀಕ್ಷಿಸಿದಾಗ ಅಲ್ಲಿಯೂ ಅದೇ ಬಯಲು ಕಂಡಿತು: ಕೆಲವೇ ಹೊತ್ತು ಸರಾಸರಿ ತೆಗೆದ ಮೇಲೆ ಎಷ್ಟು ಕಾದರೂ ಕುಗ್ಗದ ಗದ್ದಲ. ಹೊಸ ಪರಿವರ್ತಕವನ್ನು ಕೊಳ್ಳಲು ಹೊರಟಿರುವ ಮಿತ್ರರಿಗೆ ನಾವು ಹೇಳುವುದಿಷ್ಟೆ: ಒಳತುದಿಗಳನ್ನು ಸೇರಿಸಿ ಒಂದು ರಾತ್ರಿ ಅಳೆಯಿರಿ, ಮರುರಾತ್ರಿ ಪೂರ್ಣ ವ್ಯಾಪ್ತಿಯ ಹತ್ತಿರದ, ನಂಬಬಹುದಾದ ಒಂದು ವೋಲ್ಟೇಜನ್ನು ಕೊಟ್ಟು ಅಳೆಯಿರಿ, ಎರಡು ನಕ್ಷೆಗಳನ್ನೂ ಒಂದೇ ಹಾಳೆಯ ಮೇಲೆ ಬರೆಯಿರಿ.